ಜಿಂಪ್ ಮತ್ತು ಫೋಟೊಶಾಪ್: ಚಿತ್ರ ಸಂಪಾದನಾ ತಂತ್ರಾಂಶಗಳ ಬಳಕೆ ಎಷ್ಟು ಸಲೀಸು?

ಡಿಜಿಟಲ್ ಛಾಯಾಚಿತ್ರವನ್ನು ತಿದ್ದಲು, ಕತ್ತರಿಸಲು, ಬಣ್ಣ ಹೊಂದಿಸಲು, ಹಲವು ಚಿತ್ರಗಳನ್ನು ಬೆಸೆದು ಒಂದಾಗಿಸಲು ಬಳಸುವ ತಂತ್ರಾಂಶಗಳಲ್ಲಿ ಎರಡು ಹೆಸರುಗಳು ಮೂರು ದಶಕಗಳಿಂದ ಜೊತೆಯಾಗಿಯೇ ಕೇಳಿಬರುತ್ತಿವೆ. ಒಂದು ಅಡೋಬಿ ಕಂಪನಿಯ ಫೋಟೊಶಾಪ್. ಇನ್ನೊಂದು ಸ್ವಯಂಸೇವಕರು ಕಟ್ಟಿ ಬೆಳೆಸಿದ ಜಿಂಪ್. ಇವೆರಡನ್ನೂ ಬಲ್ಲವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: ಜಿಂಪ್‌ನಲ್ಲೂ ಬಹುಪಾಲು ಕೆಲಸ ಆಗುತ್ತದೆ, ಆದರೆ ಅದು ಕೈಗೆ ಒಗ್ಗುವುದಿಲ್ಲ. ಈ ಮಾತಿನಲ್ಲಿ ನಿಜ ಎಷ್ಟು, ಅಭ್ಯಾಸದ ಪಾಲು ಎಷ್ಟು, ಅದರ ಹಿಂದಿರುವ ಕಾರಣಗಳೇನು ಎಂಬುದು ತಂತ್ರಾಂಶ ವಿನ್ಯಾಸದ ಚರಿತ್ರೆಯಲ್ಲಿ ಗಂಭೀರವಾಗಿ ನೋಡಬೇಕಾದ ಪ್ರಶ್ನೆ.

ಹಣ ಕೊಡದೆ ಸಿಗುವ ತಂತ್ರಾಂಶಗಳೆಲ್ಲ ಒಂದೇ ಜಾತಿಯವಲ್ಲ. ಜಿಂಪ್, ಕೃತಾ, ಇಂಕ್‌ಸ್ಕೇಪ್, ಡಾರ್ಕ್‌ಟೇಬಲ್‌ಗಳು ಮುಕ್ತ ತಂತ್ರಾಂಶಗಳು. ಅವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಪೇಂಟ್ ಡಾಟ್ ನೆಟ್ ಅಥವಾ ಬ್ರೌಸರ್‌ನಲ್ಲೇ ಓಡುವ ಫೋಟೊಪಿಯಾ ಉಚಿತವಾಗಿ ಸಿಗುತ್ತವೆ, ಆದರೆ ಅವುಗಳ ಒಳಗಿನ ಹಕ್ಕು ಮಾಡಿದವರ ಬಳಿಯೇ ಇದೆ. ಬಳಕೆಯ ಸುಲಭತೆಯನ್ನು ಹೋಲಿಸುವಾಗ ಈ ಭೇದ ಮುಖ್ಯವಾಗುತ್ತದೆ, ಏಕೆಂದರೆ ನಿರ್ಧಾರ ತೆಗೆದುಕೊಳ್ಳುವವರು ಯಾರು ಎಂಬುದು ಅಲ್ಲಿಂದಲೇ ಬೇರೆಯಾಗುತ್ತದೆ.

ಬಳಕೆಯ ಸುಲಭತೆ ಎಂದರೆ ಬರಿಯ ಅಂದದ ಪರದೆಯಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 9241-11 ಮಾನಕ ಅದನ್ನು ಮೂರು ಅಳತೆಗಳಲ್ಲಿ ಹಿಡಿಯುತ್ತದೆ: ನಿರ್ದಿಷ್ಟ ಬಳಕೆದಾರ ನಿರ್ದಿಷ್ಟ ಸನ್ನಿವೇಶದಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮುಗಿಸುವನೇ, ಕಡಿಮೆ ಶ್ರಮದಲ್ಲಿ ಮುಗಿಸುವನೇ, ಮುಗಿಸಿದಾಗ ಅವನಿಗೆ ತೃಪ್ತಿ ಇರುತ್ತದೆಯೇ. ಡೆನ್ಮಾರ್ಕ್ ಮೂಲದ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ ಐದು ಗುಣಗಳನ್ನು ಹೇಳಿದರು. ಬೇಗ ಕಲಿಯಲು ಬರುವುದು, ಕಲಿತ ಮೇಲೆ ವೇಗ ಸಿಗುವುದು, ಸ್ವಲ್ಪ ಕಾಲ ಬಿಟ್ಟು ಬಂದರೂ ನೆನಪಿನಲ್ಲಿ ಉಳಿಯುವುದು, ತಪ್ಪುಗಳು ಕಡಿಮೆಯಾಗಿ ಆದ ತಪ್ಪನ್ನು ಸುಲಭವಾಗಿ ಸರಿಪಡಿಸಲು ಬರುವುದು ಮತ್ತು ತೃಪ್ತಿ. ಈ ಐದೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಹೊಸಬರಿಗೆ ಹಿತವಾದ ಪರದೆ ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ಅಡ್ಡಿಯಾಗಬಹುದು. ಆದ್ದರಿಂದ 'ಯಾವುದು ಸುಲಭ' ಎಂಬ ಪ್ರಶ್ನೆಗೆ 'ಯಾರಿಗೆ, ಯಾವ ಕೆಲಸಕ್ಕೆ' ಎಂದು ಕೇಳದೆ ಉತ್ತರ ಕೊಡಲಾಗದು.

ಎರಡೂ ತಂತ್ರಾಂಶಗಳು ವಿದ್ಯಾರ್ಥಿಗಳ ಕೈಯಲ್ಲೇ ಹುಟ್ಟಿದವು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್ 1987ರಲ್ಲಿ ಮ್ಯಾಕಿಂತೋಷ್ ಪರದೆಯ ಮೇಲೆ ಬೂದು ಛಾಯೆಯ ಚಿತ್ರಗಳನ್ನು ತೋರಿಸುವ ಚಿಕ್ಕ ಪ್ರೋಗ್ರಾಂ ಬರೆದರು. ಅವರ ಸಹೋದರ ಜಾನ್ ನೋಲ್ ಆಗ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ಸಿನಿಮಾ ವಿಶೇಷ ಪರಿಣಾಮಗಳ ಸಂಸ್ಥೆಯಲ್ಲಿದ್ದರು. ದಿನನಿತ್ಯ ಚಿತ್ರಗಳೊಡನೆ ಕೆಲಸ ಮಾಡುತ್ತಿದ್ದ ತಮ್ಮ ಕೇಳಿದ್ದನ್ನು ಅಣ್ಣ ಬರೆಯುತ್ತ ಹೋದ. ಅಡೋಬಿ ಅದರ ಪರವಾನಗಿ ಪಡೆದು 1990ರ ಫೆಬ್ರುವರಿಯಲ್ಲಿ ಫೋಟೊಶಾಪ್ 1.0 ಬಿಡುಗಡೆ ಮಾಡಿತು. ಬರೆಯುವವನ ಪಕ್ಕದಲ್ಲಿ ಬಳಸುವವನು ಇದ್ದದ್ದು ಆ ತಂತ್ರಾಂಶದ ಭಾಗ್ಯ.

ಜಿಂಪ್ ಶುರುವಾದದ್ದು 1995ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ. ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯುನಿಕ್ಸ್ ಕಂಪ್ಯೂಟರ್‌ಗಳಿಗೂ ಇಂಥದ್ದೊಂದು ಸಾಧನ ಇರಲಿ ಎಂದು ಅದನ್ನು ಬರೆದರು. 1996ರ ಜನವರಿಯಲ್ಲಿ 0.54 ಆವೃತ್ತಿ ಸಾರ್ವಜನಿಕರಿಗೆ ಸಿಕ್ಕಿತು. ಅದೇ ವರ್ಷ ಲ್ಯಾರಿ ಯೂಯಿಂಗ್ ಲಿನಕ್ಸ್‌ನ ಲಾಂಛನವಾದ ಪೆಂಗ್ವಿನ್ 'ಟಕ್ಸ್' ಅನ್ನು ಈ ಆವೃತ್ತಿಯಲ್ಲೇ ಬಿಡಿಸಿದರು. ಪರದೆಯ ಮೇಲಿನ ಗುಂಡಿ, ಮೆನುಗಳಿಗಾಗಿ ಮೊದಲು ಬಳಸಿದ ಮೋಟಿಫ್ ಹಣ ಕೊಟ್ಟು ಪಡೆಯಬೇಕಾದದ್ದು. ಅದರಿಂದ ಬಿಡಿಸಿಕೊಳ್ಳಲು ಜಿಂಪ್‌ಗಾಗಿಯೇ ಬರೆದ ಜಿಟಿಕೆ ಎಂಬ ಉಪಕರಣ ಸಂಚಯ ಮುಂದೆ ಗ್ನೋಮ್ ಡೆಸ್ಕ್‌ಟಾಪ್‌ಗೆ ಅಡಿಪಾಯವಾಯಿತು. ಲಿನಕ್ಸ್ ಲೋಕಕ್ಕೆ ಜಿಂಪ್ ಕೊಟ್ಟ ಕೊಡುಗೆಗಳಲ್ಲಿ ಇದು ಬಹುಶಃ ಚಿತ್ರ ಸಂಪಾದನೆಗಿಂತಲೂ ದೊಡ್ಡದು.

ಆದರೆ ಹುಟ್ಟಿದ ಪರಿಸರವೇ ಜಿಂಪ್‌ನ ಮೊದಲ ದೊಡ್ಡ ತೊಡಕಿಗೂ ಕಾರಣವಾಯಿತು. ಹಳೆಯ ಜಿಂಪ್ ತೆರೆದರೆ ಸಾಧನ ಪೆಟ್ಟಿಗೆಗೆ ಒಂದು ವಿಂಡೊ, ಚಿತ್ರದ ಪದರಗಳಾದ ಲೇಯರ್‌ಗಳಿಗೆ ಇನ್ನೊಂದು, ಪ್ರತಿ ಚಿತ್ರಕ್ಕೂ ಮತ್ತೊಂದು. ಯುನಿಕ್ಸ್ ಬಳಕೆದಾರರಿಗೆ ಇದು ತೊಂದರೆಯೇ ಆಗಿರಲಿಲ್ಲ. ಅವರ ಬಳಿ ಹಲವು ಡೆಸ್ಕ್‌ಟಾಪ್‌ಗಳಿದ್ದವು, ಒಂದನ್ನು ಪೂರ್ತಿ ಜಿಂಪ್‌ಗೇ ಬಿಟ್ಟುಕೊಡುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಟೋರ್ ಲಿಲ್‌ಕ್ವಿಸ್ಟ್ ಇದನ್ನು ಮೈಕ್ರೊಸಾಫ್ಟ್ ವಿಂಡೋಸ್‌ಗೆ ತಂದಾಗ ಆ ವಿನ್ಯಾಸದ ಹಿಂದಿದ್ದ ಅನುಕೂಲ ಜೊತೆಗೆ ಬರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ವಿಂಡೊಗಳು ಸಾಲುಗಟ್ಟಿದವು, ಚಿತ್ರದ ಮೇಲೆ ಒತ್ತಿದರೆ ಸಾಧನ ಪೆಟ್ಟಿಗೆ ಹಿಂದೆ ಸರಿದು ಬ್ರೌಸರ್‌ನಡಿ ಅಡಗುತ್ತಿತ್ತು. ಬಹುಪಾಲು ಜನರಿಗೆ ಜಿಂಪ್‌ನ ಮೊದಲ ಪರಿಚಯ ಆದದ್ದು ಹೀಗೆ, ಮತ್ತು ಅದರ ಬಗೆಗಿನ ಅಭಿಪ್ರಾಯ ಗಟ್ಟಿಯಾದದ್ದೂ ಅಲ್ಲೇ. 2012ರ ಮೇ ತಿಂಗಳಲ್ಲಿ ಬಂದ 2.8 ಆವೃತ್ತಿ ಎಲ್ಲವನ್ನೂ ಒಂದೇ ವಿಂಡೊದಲ್ಲಿ ಕೂಡಿಸುವ ಆಯ್ಕೆ ಕೊಟ್ಟಿತು. ತಾನಾಗಿಯೇ ಹಾಗೆ ತೆರೆಯತೊಡಗಿದ್ದು 2018ರ 2.10 ಆವೃತ್ತಿಯಿಂದ. ಜನ ದೂರುತ್ತಿದ್ದ ಒಂದು ವಿಷಯಕ್ಕೆ ಪರಿಹಾರ ಬಂದ ಮೇಲೂ, ಆ ಪರಿಹಾರ ಮೆನುವಿನೊಳಗಿನ ಒಂದು ಆಯ್ಕೆಯಾಗಿ ಆರು ವರ್ಷ ಕುಳಿತಿತ್ತು. ಹೊಸಬರು ಅದನ್ನು ಹುಡುಕಿಕೊಳ್ಳುವ ಮುನ್ನವೇ ತಂತ್ರಾಂಶವನ್ನು ತೆಗೆದುಹಾಕುತ್ತಿದ್ದರು ಎಂಬುದು ಈ ವಿಳಂಬದ ನಿಜವಾದ ಬೆಲೆ.

ಇನ್ನೊಂದು ಪ್ರಸಿದ್ಧ ದೂರು ವೃತ್ತದ್ದು. ಫೋಟೊಶಾಪ್‌ನಲ್ಲಿ ದೀರ್ಘವೃತ್ತದ ಸಾಧನ ಹಿಡಿದು ಶಿಫ್ಟ್ ಕೀ ಒತ್ತಿ ಎಳೆದರೆ ವೃತ್ತ ಬರುತ್ತದೆ. ಜಿಂಪ್‌ನಲ್ಲಿ ದೀರ್ಘಕಾಲ ಇದ್ದ ದಾರಿ ಬೇರೆ: ಮೊದಲು ದೀರ್ಘವೃತ್ತಾಕಾರದ ಆಯ್ಕೆ ಮಾಡಬೇಕು, ಎಳೆಯುವಾಗ ಶಿಫ್ಟ್ ಕೀ ಒತ್ತಿ ಅದನ್ನು ವೃತ್ತವಾಗಿಸಬೇಕು, ಆಮೇಲೆ ಎಡಿಟ್ ಮೆನುವಿಗೆ ಹೋಗಿ ಆಯ್ಕೆಯ ಅಂಚಿಗೆ ಗೆರೆ ಎಳೆಯುವ ಆದೇಶ ಕೊಡಬೇಕು. ಎಳೆದ ಮೇಲೆ ಗೆರೆಯ ದಪ್ಪ ಬದಲಿಸಬೇಕೆನಿಸಿದರೆ ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ. ಸಾಧನದ ಒಳಗಿನ ತರ್ಕ ಬಲ್ಲವರಿಗೆ ಇದು ಸಂಗತವಾಗಿಯೇ ಕಾಣುತ್ತದೆ, ಏಕೆಂದರೆ ಜಿಂಪ್‌ನಲ್ಲಿ ಬಹುತೇಕ ಕೆಲಸ 'ಆಯ್ದುಕೊ, ನಂತರ ಮಾಡು' ಎಂಬ ಕ್ರಮದಲ್ಲಿ ನಡೆಯುತ್ತದೆ. ಚಿತ್ರದಲ್ಲಿನ ಒಂದು ಮುಖದ ಸುತ್ತ ಕೆಂಪು ವೃತ್ತ ಹಾಕಬೇಕಾದ ಶಾಲಾ ಮಾಸ್ತರರಿಗೆ ಆ ತರ್ಕದಿಂದ ಉಪಯೋಗವಿಲ್ಲ.

ಈ ಕೊರತೆ ಪೂರ್ತಿ ಆಕಸ್ಮಿಕವಲ್ಲ. 2006ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಮುಕ್ತ ಗ್ರಾಫಿಕ್ಸ್ ತಂತ್ರಾಂಶಗಳವರ ಮೊದಲ ಸಮ್ಮೇಳನ ನಡೆದಾಗ, ಪೀಟರ್ ಸಿಕಿಂಗ್ ಎಂಬ ವಿನ್ಯಾಸಕಾರರ ಜೊತೆ ಕುಳಿತು ಜಿಂಪ್ ತಂಡ ತನ್ನ ಗುರಿಯನ್ನು ಬರೆದುಕೊಂಡಿತು. ಉನ್ನತ ಮಟ್ಟದ ಛಾಯಾಚಿತ್ರ ಸಂಪಾದನೆ ಅದರ ಮುಖ್ಯ ಕೆಲಸ. ಅದು ಮೈಕ್ರೊಸಾಫ್ಟ್ ಪೇಂಟ್ ಅಲ್ಲ, ಫೋಟೊಶಾಪ್‌ನ ನಕಲೂ ಅಲ್ಲ ಎಂಬುದು ಅದರ ಸಾರ. ಮುಕ್ತ ತಂತ್ರಾಂಶದ ತಂಡವೊಂದು ತಾನು ಯಾರಿಗಾಗಿ ದುಡಿಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ಕೇಳಿಕೊಂಡದ್ದು ಮೆಚ್ಚಬೇಕಾದ ಹೆಜ್ಜೆ. ಆದರೆ ಬಳಸಲು ಬಂದವರಲ್ಲಿ ಅನೇಕರು ಆ ಗುರಿಯೊಳಗಿನವರಾಗಿರಲಿಲ್ಲ. ಹಣ ಕೊಡಲಾಗದ ವಿದ್ಯಾರ್ಥಿಗಳು, ಶಿಕ್ಷಕರು, ಸಣ್ಣ ಪತ್ರಿಕೆಯವರು ಜಿಂಪ್ ಹಿಡಿದದ್ದು ಅದು ಉನ್ನತ ಮಟ್ಟದ್ದೆಂಬ ಕಾರಣಕ್ಕಲ್ಲ, ಕೈಗೆಟುಕುವ ಏಕೈಕ ಸಾಧನ ಅದೆಂಬ ಕಾರಣಕ್ಕೆ.

ಅದೇ ತತ್ವದಿಂದ ಹುಟ್ಟಿದ ಮತ್ತೊಂದು ನಿರ್ಧಾರ 2.8ರಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಆವರೆಗೆ ಜೆಪೆಗ್ ಚಿತ್ರ ತೆರೆದು, ತಿದ್ದಿ, ಕಂಟ್ರೋಲ್ ಎಸ್ ಒತ್ತಿದರೆ ಜೆಪೆಗ್ ಆಗಿಯೇ ಉಳಿಯುತ್ತಿತ್ತು. ಹೊಸ ಆವೃತ್ತಿಯಲ್ಲಿ 'ಸೇವ್' ಎಂದರೆ ಜಿಂಪ್‌ನದೇ ಆದ ಎಕ್ಸ್‌ಸಿಎಫ್ ಕಡತ ಮಾತ್ರ. ಜೆಪೆಗ್, ಪಿಎನ್‌ಜಿ ಬೇಕಿದ್ದರೆ 'ಎಕ್ಸ್‌ಪೋರ್ಟ್' ಮಾಡಬೇಕು. ಜೆಪೆಗ್‌ನಲ್ಲಿ ಲೇಯರ್‌ಗಳು ಉಳಿಯುವುದಿಲ್ಲ, ಪ್ರತಿ ಸಲ ಉಳಿಸಿದಾಗಲೂ ಗುಣಮಟ್ಟ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಅರಿಯದೆ ಕೆಲಸ ಕಳೆದುಕೊಳ್ಳದಂತೆ ಕಾಪಾಡುವುದು ಉದ್ದೇಶ. ನೀಲ್ಸನ್ ಹೇಳಿದ 'ತಪ್ಪು ಕಡಿಮೆಯಾಗಬೇಕು' ಎಂಬ ಗುಣಕ್ಕೆ ಇದು ಒಳ್ಳೆಯ ಉದಾಹರಣೆ. ಹತ್ತು ಚಿತ್ರಗಳನ್ನು ಚಿಕ್ಕದು ಮಾಡಿ ಕಳಿಸಬೇಕಾದವರಿಗೆ ಮಾತ್ರ ಪ್ರತಿ ಚಿತ್ರಕ್ಕೂ ಹೆಚ್ಚುವರಿ ಹೆಜ್ಜೆ. ಎಷ್ಟೇ ವಿರೋಧ ಬಂದರೂ ತಂಡ ಹಿಂದೆ ಸರಿಯಲಿಲ್ಲ.

ಇದರ ಪಕ್ಕದಲ್ಲೇ ಇಡಬೇಕಾದ ಘಟನೆ 2021ರಲ್ಲಿ ಫೋಟೊಶಾಪ್‌ನಲ್ಲಿ ನಡೆಯಿತು. ಮ್ಯಾಕ್ ವ್ಯವಸ್ಥೆಯಲ್ಲಾದ ಬದಲಾವಣೆಯ ಕಾರಣ ಕೊಟ್ಟು ಅಡೋಬಿ 'ಸೇವ್ ಆ್ಯಸ್' ಪಟ್ಟಿಯಿಂದ ಜೆಪೆಗ್‌ನಂಥ ಬಗೆಗಳನ್ನು ತೆಗೆದು 'ಸೇವ್ ಎ ಕಾಪಿ' ಎಂಬ ಬೇರೆ ಆದೇಶಕ್ಕೆ ವರ್ಗಾಯಿಸಿತು. ಜಿಂಪ್ ಒಂಬತ್ತು ವರ್ಷ ಹಿಂದೆ ಮಾಡಿದ್ದಕ್ಕೆ ಇದು ಬಹಳ ಹತ್ತಿರದ ಕೆಲಸ, ಬಂದ ಸಿಟ್ಟೂ ಅದೇ ಬಗೆಯದು. ಅಡೋಬಿ ಕೆಲವೇ ವಾರಗಳಲ್ಲಿ ಹಳೆಯ ಪದ್ಧತಿಯನ್ನು ಮರಳಿ ಪಡೆಯುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಸೇರಿಸಿತು. ಎರಡು ತಂಡಗಳ ಸ್ವಭಾವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದು ಕಡೆ ತಾನು ಸರಿಯೆಂದು ನಂಬಿದ ವಿನ್ಯಾಸಕ್ಕೆ ಅಂಟಿಕೊಳ್ಳುವ ಸ್ವಾತಂತ್ರ್ಯ. ಇನ್ನೊಂದು ಕಡೆ ಚಂದಾ ಕಟ್ಟುವ ಗಿರಾಕಿಯನ್ನು ಕಳೆದುಕೊಳ್ಳಲಾಗದ ಒತ್ತಡ. ಬಳಕೆದಾರನ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹಿತ. ಹೊಸ ಕ್ರಮ ಎಷ್ಟೇ ವಿವೇಕದ್ದಾಗಿರಲಿ, ಹಳೆಯ ಕೈಚಳಕಕ್ಕೆ ದಾರಿ ಬಿಡುವುದೂ ವಿನ್ಯಾಸದ ಭಾಗ.

ಕೈಯ ಅಭ್ಯಾಸದ ಬಲ ಎಷ್ಟೆಂದು ತೋರಿಸುವ ಸಂಗತಿಗಳು ಇನ್ನೂ ಇವೆ. ಫೋಟೊಶಾಪ್‌ನಲ್ಲಿ ವಿ ಒತ್ತಿದರೆ ಸರಿಸುವ ಸಾಧನ ಬರುತ್ತದೆ. ಜಿಂಪ್‌ನಲ್ಲಿ ಅದು ಎಂ. ಫೋಟೊಶಾಪ್‌ನಲ್ಲಿ ಕಂಟ್ರೋಲ್ ಡಿ ಆಯ್ಕೆಯನ್ನು ಬಿಡಿಸುತ್ತದೆ. ಜಿಂಪ್‌ನಲ್ಲಿ ಅದೇ ಒತ್ತಿದರೆ ಇಡೀ ಚಿತ್ರದ ಇನ್ನೊಂದು ಪ್ರತಿ ತೆರೆದುಕೊಳ್ಳುತ್ತದೆ. ಇಂಥ ಕಡೆ ಯಾವುದೂ ಇನ್ನೊಂದಕ್ಕಿಂತ ಸುಲಭವಲ್ಲ, ಮೊದಲು ಕಲಿತದ್ದು ಸುಲಭ ಅಷ್ಟೆ. 2005ರಲ್ಲಿ ಸ್ಕಾಟ್ ಮೊಶೆಲ್ಲಾ ಜಿಂಪ್‌ನ ಮೆನುಗಳನ್ನು ಫೋಟೊಶಾಪ್‌ನಂತೆ ಮರುಜೋಡಿಸಿ 'ಜಿಂಪ್‌ಶಾಪ್' ಮಾಡಿದಾಗ ಅದಕ್ಕೆ ಸಿಕ್ಕ ಸ್ವಾಗತ ಈ ಹಸಿವನ್ನು ತೋರಿಸಿತು. ಇವಾನ್ ಕುಟ್ಸ್‌ಕಿರ್ ಬಹುಮಟ್ಟಿಗೆ ಒಬ್ಬರೇ ಕಟ್ಟಿದ ಫೋಟೊಪಿಯಾ ಫೋಟೊಶಾಪ್ ಬಲ್ಲವರಿಗೆ ಬೇಗ ಒಗ್ಗುವುದಕ್ಕೆ ಮುಖ್ಯ ಕಾರಣ ಅದರ ಪರದೆ, ಸಾಧನಗಳ ಕ್ರಮ ಮತ್ತು ಶಾರ್ಟ್‌ಕಟ್‌ಗಳು ಅವರಿಗೆ ಪರಿಚಿತವಾಗಿರುವುದು. ಅದು ಫೋಟೊಶಾಪ್‌ನದೇ ಆದ ಪಿಎಸ್‌ಡಿ ಕಡತಗಳನ್ನೂ ಬ್ರೌಸರ್‌ನಲ್ಲೇ ತೆರೆಯುತ್ತದೆ.

ಫೋಟೊಶಾಪ್‌ನದೇ ಆದ ಒರಟುತನಗಳು ಅಭ್ಯಾಸದ ಹಿಂದೆ ಮರೆಯಾಗಿರುತ್ತವೆ. ಕಂಟ್ರೋಲ್ ಝಡ್ ಒತ್ತಿ ಒಂದಾದ ಮೇಲೊಂದು ಹೆಜ್ಜೆ ಹಿಂದಕ್ಕೆ ಹೋಗುವುದು ಬೇರೆಲ್ಲ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿದ್ದ ಕಾಲದಲ್ಲೂ, ಫೋಟೊಶಾಪ್‌ನಲ್ಲಿ ಅದು ಒಂದೇ ಹೆಜ್ಜೆ ಹಿಂದೆ ಹೋಗಿ, ಮತ್ತೆ ಒತ್ತಿದರೆ ಮುಂದಕ್ಕೆ ಬರುತ್ತಿತ್ತು. ಇನ್ನೂ ಹಿಂದೆ ಹೋಗಲು ಮೂರು ಕೀಗಳನ್ನು ಒಟ್ಟಿಗೆ ಒತ್ತಬೇಕಿತ್ತು. ಇದು ಸರಿಹೋದದ್ದು 2018ರ ಅಕ್ಟೋಬರ್‌ನಲ್ಲಿ. ಜಿಂಪ್‌ನಲ್ಲಿ ಈ ಅನುಕೂಲ ಎಷ್ಟೋ ವರ್ಷಗಳ ಮೊದಲೇ ಇತ್ತು.

ಹೊಸ ಉಪಾಯಗಳ ವಿಚಾರದಲ್ಲೂ ಮುಕ್ತ ತಂತ್ರಾಂಶ ಸದಾ ಹಿಂದೆ ಬಿದ್ದಿಲ್ಲ. ಚಿತ್ರದಿಂದ ಬೇಡದ ವಸ್ತುವನ್ನು ತೆಗೆದು ಸುತ್ತಲಿನ ಹಿನ್ನೆಲೆಯಿಂದಲೇ ಆ ಜಾಗ ತುಂಬುವ 'ರೀಸಿಂಥಸೈಜರ್' ಜಿಂಪ್‌ನ ಪ್ಲಗಿನ್ ಆಗಿ ಸಿಗುತ್ತಿತ್ತು. ಪಾಲ್ ಹ್ಯಾರಿಸನ್ ತಮ್ಮ ಸಂಶೋಧನೆಯ ಭಾಗವಾಗಿ ಅದನ್ನು ರೂಪಿಸಿದ್ದರು. ಅದೇ ಬಗೆಯ ಕೆಲಸ ಮಾಡುವ 'ಕಂಟೆಂಟ್ ಅವೇರ್ ಫಿಲ್' ಫೋಟೊಶಾಪ್‌ಗೆ ಬಂದದ್ದು 2010ರಲ್ಲಿ, ಸಿಎಸ್5 ಜೊತೆಗೆ. ಆದರೆ ಲೋಕ ಬೆರಗಾದದ್ದು ಎರಡನೆಯದನ್ನು ಕಂಡು. ಕಾರಣ ಸ್ಪಷ್ಟ. ಒಂದನ್ನು ಹುಡುಕಿ, ಇಳಿಸಿಕೊಂಡು, ಸರಿಯಾದ ಫೋಲ್ಡರ್‌ನಲ್ಲಿ ಇಡಬೇಕಿತ್ತು; ಇನ್ನೊಂದು ಡಿಲೀಟ್ ಕೀಯ ಪಕ್ಕದಲ್ಲೇ ಕಾದಿತ್ತು. ಶಕ್ತಿ ಇರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ.

ಎರಡರ ನಡುವೆ ನಿಜವಾದ, ಆಳವಾದ ಅಂತರವಿದ್ದದ್ದು ಮೂಲಚಿತ್ರವನ್ನು ಕೆಡಿಸದೆ ತಿದ್ದುವ ವಿಷಯದಲ್ಲಿ. ಫೋಟೊಶಾಪ್ 1994ರಲ್ಲಿ ಲೇಯರ್‌ಗಳನ್ನು, 1996ರಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು, 2005ರಲ್ಲಿ ಸ್ಮಾರ್ಟ್ ಆಬ್ಜೆಕ್ಟ್‌ಗಳನ್ನು ತಂದಿತು. ಬೆಳಕು ಹೆಚ್ಚಿಸಿದ್ದು ಅತಿಯಾಯಿತು ಎಂದು ಮರುದಿನ ಅನಿಸಿದರೆ ಆ ಒಂದು ಲೇಯರ್ ತೆರೆದು ಅಂಕಿ ಬದಲಿಸಿದರಾಯಿತು. ಜಿಂಪ್‌ನಲ್ಲಿ ತಿದ್ದಿದ್ದೆಲ್ಲ ನೇರ ಚಿತ್ರಬಿಂದುಗಳ ಮೇಲೆಯೇ ಬೀಳುತ್ತಿತ್ತು. ಮನಸ್ಸು ಬದಲಾದರೆ ಮಾಡಿದ್ದನ್ನೆಲ್ಲ ಹಿಂದಕ್ಕೆ ಬಿಚ್ಚಬೇಕು. ಮದುವೆ ಮನೆಯ ನೂರಾರು ಚಿತ್ರ ತಿದ್ದುವವರಿಗೆ ಇದು ರುಚಿಯ ಪ್ರಶ್ನೆಯಾಗಿರಲಿಲ್ಲ, ಗಂಟೆಗಳ ಲೆಕ್ಕವಾಗಿತ್ತು.

ಇದಕ್ಕೆ ಪರಿಹಾರವಾಗಬೇಕಿದ್ದ ಗೆಗಲ್ ಎಂಬ ಹೊಸ ಎಂಜಿನ್‌ನ ಕೆಲಸ 2000ದಲ್ಲೇ ಶುರುವಾಗಿತ್ತು. ಹಾಲಿವುಡ್‌ನ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೊ ತನ್ನ ಸಿನಿಮಾ ಕೆಲಸಕ್ಕೆ ಬಣ್ಣದ ಹೆಚ್ಚಿನ ಆಳ ಬೇಕೆಂದು ಜಿಂಪ್‌ನಿಂದ 'ಫಿಲ್ಮ್ ಜಿಂಪ್' ಎಂಬ ಕವಲನ್ನು ಬೆಳೆಸಿತ್ತು. ಅದು ಮುಂದೆ ಸಿನೆಪೇಂಟ್ ಆಯಿತು. ಗೆಗಲ್ ಹುಟ್ಟಿದ್ದೂ ಆ ಸ್ಟುಡಿಯೊದ ಎಂಜಿನಿಯರುಗಳ ಕೈಯಲ್ಲೇ. ಅದು ಜಿಂಪ್‌ನೊಳಗೆ ಪೂರ್ತಿಯಾಗಿ ಸೇರಿ ಪ್ರತಿ ಬಣ್ಣದ ವಾಹಿನಿಗೆ 32 ಬಿಟ್ ಆಳ ದೊರೆತದ್ದು 2018ರ 2.10ರಲ್ಲಿ. ಫಿಲ್ಟರ್‌ಗಳನ್ನು ಲೇಯರಿಗೆ ಅಂಟಿಸಿಟ್ಟು ಯಾವಾಗ ಬೇಕಾದರೂ ಬದಲಿಸುವ ಸೌಲಭ್ಯ ಬಂದದ್ದು 2025ರ ಮಾರ್ಚ್ 16ರಂದು ಬಿಡುಗಡೆಯಾದ 3.0 ಆವೃತ್ತಿಯಲ್ಲಿ.

ಇಷ್ಟು ನಿಧಾನಕ್ಕೆ ಕಾರಣ ಸೋಮಾರಿತನವಲ್ಲ, ಜನಬಲದ ಕೊರತೆ. ಫೋಟೊಶಾಪ್ ತೆರೆಯುವಾಗ ಮೂಡುವ ಪರದೆಯಲ್ಲಿ ಅದಕ್ಕಾಗಿ ದುಡಿದವರ ಉದ್ದನೆಯ ಹೆಸರಿನ ಪಟ್ಟಿಯೇ ಇರುತ್ತಿತ್ತು. ಜಿಂಪ್‌ನ ತಿರುಳಿನಲ್ಲಿ ನಿರಂತರವಾಗಿ ಕೆಲಸ ಮಾಡಿದವರು ಯಾವ ಕಾಲದಲ್ಲೂ ಬೆರಳೆಣಿಕೆಯವರು, ಬಹುಪಾಲು ಬಿಡುವಿನ ವೇಳೆಯಲ್ಲಿ. ಡೇವಿಡ್ ನಿಕೋಲ್ಸ್ ಮತ್ತು ಮೈಕಲ್ ಟ್ವಿಡೇಲ್ 2003ರಲ್ಲಿ ಮುಕ್ತ ತಂತ್ರಾಂಶಗಳ ಬಳಕೆಯ ಸುಲಭತೆಯ ಬಗ್ಗೆ ಬರೆದ ಪ್ರಬಂಧ ಇನ್ನೊಂದು ಆಳದ ಕಾರಣವನ್ನು ಮುಂದಿಟ್ಟಿತು. ಇಂಥ ಯೋಜನೆಗಳಲ್ಲಿ ಬರೆಯುವವರು ಸಾಮಾನ್ಯ ಬಳಕೆದಾರರಲ್ಲ. ತಮಗೆ ಕಚ್ಚಿದ ತೊಂದರೆಯನ್ನು ಅವರು ಚೆನ್ನಾಗಿ ಪರಿಹರಿಸಿಕೊಳ್ಳುತ್ತಾರೆ. ಹೊಸಬರಿಗೆ ಕಚ್ಚುವ ತೊಂದರೆ ಅವರ ಕಣ್ಣಿಗೇ ಬೀಳುವುದಿಲ್ಲ. ಬಳಕೆ ವಿನ್ಯಾಸದ ತಜ್ಞರು ಸ್ವಯಂಸೇವಕರಾಗಿ ಬರುವುದು ಅಪರೂಪ, ಬಂದರೂ ಸಂಕೇತ ಬರೆಯದವರ ಮಾತಿಗೆ ಅಲ್ಲಿ ತೂಕ ಕಡಿಮೆ.

ಇದಕ್ಕೆ ಉದಾಹರಣೆಯಾಗಿ ಜಿಂಪ್‌ನ ಲೇಯರ್‌ಗಳನ್ನೇ ನೋಡಬಹುದು. ಪ್ರತಿ ಲೇಯರಿಗೂ ತನ್ನದೇ ಅಳತೆ, ಅದರ ಗಡಿಯನ್ನು ಸೂಚಿಸುವ ಹಳದಿ ಚುಕ್ಕೆಗೆರೆ. ಗಡಿಯಾಚೆ ಬ್ರಷ್ ಎಳೆದರೆ ಏನೂ ಮೂಡುವುದಿಲ್ಲ. ಚಿತ್ರದ ತುಣುಕನ್ನು ಅಂಟಿಸಿದರೆ ಅದು 'ತೇಲುವ ಆಯ್ಕೆ'ಯಾಗಿ ನಿಲ್ಲುತ್ತಿತ್ತು; ಅದನ್ನು ನೆಲೆಗೊಳಿಸುವವರೆಗೆ ಬೇರೆ ಲೇಯರಿನ ಕೆಲಸ ನಡೆಯದು. ಕಾರಣ ತಿಳಿಯದೆ ಎಷ್ಟೋ ಹೊಸಬರು ಕಂಪ್ಯೂಟರ್ ಕೆಟ್ಟಿತೆಂದು ಭಾವಿಸಿದ್ದಾರೆ. ಹಳಬರಿಗೆ ಮಾತ್ರ ಇವೆರಡೂ ಸಹಜ. 3.0ರಲ್ಲಿ ಅಂಟಿಸಿದ್ದು ನೇರ ಹೊಸ ಲೇಯರ್ ಆಗುತ್ತದೆ, ಬ್ರಷ್ ಗಡಿ ದಾಟಿದಂತೆ ಲೇಯರ್ ತಾನೇ ಹಿಗ್ಗುವ ಆಯ್ಕೆಯೂ ಇದೆ. ಸಣ್ಣವೆಂದು ಕಾಣುವ ಈ ಎರಡು ತಿದ್ದುಪಡಿಗಳು ಹೊಸಬರಿಗೆ ಹತ್ತು ಹೊಸ ಫಿಲ್ಟರ್‌ಗಳಿಗಿಂತ ಹೆಚ್ಚು ಉಪಕಾರಿ.

ಮುಕ್ತ ಎಂದಾಕ್ಷಣ ಬಳಕೆ ಕಷ್ಟವಾಗಲೇಬೇಕು ಎಂಬ ನಿಯಮವಿಲ್ಲ ಎಂಬುದಕ್ಕೆ ಸಾಕ್ಷಿ ಅದೇ ಬಳಗದಲ್ಲಿದೆ. ಕೆಡಿಇ ಸಮುದಾಯದ ಕೃತಾ ಮೊದಲು ಎಲ್ಲವನ್ನೂ ಮಾಡಲು ಹೊರಟ ಚಿತ್ರ ಸಂಪಾದಕವಾಗಿತ್ತು. 2009ರ ಸುಮಾರಿಗೆ ತಂಡ ತನ್ನ ಗುರಿಯನ್ನು ಡಿಜಿಟಲ್ ಚಿತ್ರಕಲೆಗೆ ಕಿರಿದುಗೊಳಿಸಿತು. ಬಲಗುಂಡಿ ಒತ್ತಿದರೆ ಬ್ರಷ್‌ಗಳೂ ಬಣ್ಣಗಳೂ ಕುಂಚವಿರುವ ಜಾಗದಲ್ಲೇ ಚಕ್ರದಂತೆ ಅರಳುತ್ತವೆ, ಕಾಗದ ತಿರುಗಿಸಿದಂತೆ ಕ್ಯಾನ್ವಾಸ್ ತಿರುಗಿಸಬಹುದು, ನಡುಗುವ ಗೆರೆಯನ್ನು ತಂತ್ರಾಂಶವೇ ನಯಗೊಳಿಸುತ್ತದೆ, ಫೋಟೊಶಾಪ್ ಬಲ್ಲವರಿಗೆ ಅದೇ ಶಾರ್ಟ್‌ಕಟ್‌ಗಳ ವ್ಯವಸ್ಥೆಯೂ ಸಿದ್ಧವಾಗಿದೆ. ಫ್ರೆಂಚ್ ಕಲಾವಿದ ಡೇವಿಡ್ ರೆವಾ ತಮ್ಮ 'ಪೆಪ್ಪರ್ ಅಂಡ್ ಕ್ಯಾರಟ್' ಕಾಮಿಕ್ಸ್ ಮಾಲಿಕೆಯನ್ನು ಇದರಲ್ಲೇ ಬಿಡಿಸುತ್ತ, ತೊಡಕುಗಳನ್ನು ತಂಡಕ್ಕೆ ತಿಳಿಸುತ್ತ ಬಂದಿದ್ದಾರೆ. ಮೂರು ಆಯಾಮದ ಚಿತ್ರಗಳ ಬ್ಲೆಂಡರ್‌ನ ಕಥೆಯೂ ಇದೇ ಬಗೆಯದು. ಅದರ ಪರದೆ ಒಂದು ಕಾಲಕ್ಕೆ ಕಷ್ಟಕ್ಕೆ ಹೆಸರಾಗಿತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಲಾವಿದರನ್ನೂ ಪ್ರೋಗ್ರಾಮರ್‌ಗಳನ್ನೂ ಒಂದೇ ಸೂರಿನಡಿ ಕೂರಿಸಿ 2006ರಿಂದ ಕಿರುಚಿತ್ರಗಳನ್ನು ಮಾಡಿಸಿದ ಫಲವಾಗಿ ತೊಡಕುಗಳು ಬರೆಯುವವರ ಕಣ್ಣೆದುರೇ ಬಿದ್ದವು, 2019ರ 2.80 ಆವೃತ್ತಿಯ ಹೊಸ ಪರದೆಯ ನಂತರ ದೊಡ್ಡ ಸ್ಟುಡಿಯೊಗಳೂ ಅದರತ್ತ ತಿರುಗಿದವು. ಬ್ಲೆಂಡರ್‌ನಲ್ಲಿ ಮಾಡಿದ ಲಾಟ್ವಿಯಾದ 'ಫ್ಲೋ' 2025ರಲ್ಲಿ ಆಸ್ಕರ್ ಗೆದ್ದಿತು. ಜಿಂಪ್‌ನ ಹೊಣೆ ಹೊತ್ತಿರುವ ಜೆಹಾನ್ ಪಾಜೆಸ್ ಕೂಡ ಆರ್ಯೊಮ್ ಎಂಬ ಚಿತ್ರಕಲಾವಿದೆಯ ಜೊತೆ 'ಝೆಮಾರ್ಮೊ' ಎಂಬ ಅನಿಮೇಷನ್ ಯೋಜನೆ ನಡೆಸುತ್ತಿರುವುದು ಈ ಕಾರಣಕ್ಕೇ ಗಮನಾರ್ಹ.

ಕರ್ನಾಟಕದ ಊರುಗಳ ಫೋಟೊ ಸ್ಟುಡಿಯೊ, ಡಿಟಿಪಿ ಕೇಂದ್ರ, ಫ್ಲೆಕ್ಸ್ ಅಂಗಡಿಗಳಲ್ಲಿ ಫೋಟೊಶಾಪ್‌ನದೇ ಪಾರುಪತ್ಯ. ಪಾಸ್‌ಪೋರ್ಟ್ ಅಳತೆಯ ಎಂಟು ಪ್ರತಿಗಳನ್ನು ಒಂದು ಹಾಳೆಗೆ ಜೋಡಿಸುವ ಕೆಲಸವನ್ನು ಒಮ್ಮೆ 'ಆ್ಯಕ್ಷನ್' ಆಗಿ ದಾಖಲಿಸಿಟ್ಟರೆ ಮುಂದೆ ಒಂದೇ ಒತ್ತಿಗೆ ಮುಗಿಯುತ್ತದೆ. 1996ರಿಂದಲೂ ಇರುವ ಈ ಸೌಲಭ್ಯಕ್ಕೆ ಸಮನಾದ, ಮಾಡಿದ್ದನ್ನು ನೋಡಿ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಜಿಂಪ್ 3.0ರಲ್ಲೂ ಇಲ್ಲ. ಅಲ್ಲಿ ಸ್ಕ್ರಿಪ್ಟ್ ಬರೆಯಬೇಕು, ಅಂದರೆ ಪ್ರೋಗ್ರಾಮಿಂಗ್ ಬರಬೇಕು. ಮದುವೆ ಆಲ್ಬಮ್‌ಗಳ ವಿನ್ಯಾಸಗಳು ಪಿಎಸ್‌ಡಿ ರೂಪದಲ್ಲೇ ಮಾರಾಟವಾಗುತ್ತವೆ. ಜಿಂಪ್ ಅವನ್ನು ತೆರೆಯುತ್ತದಾದರೂ ಒಳಗಿನ ಎಲ್ಲ ಪರಿಣಾಮಗಳೂ ತಿದ್ದಲು ಬರುವಂತೆ ಉಳಿಯುವುದಿಲ್ಲ. ಮುದ್ರಣಾಲಯಕ್ಕೆ ಬೇಕಾದ ನಾಲ್ಕು ಬಣ್ಣಗಳ ಸಿಎಂವೈಕೆ ಪದ್ಧತಿಯಲ್ಲಿ ಚಿತ್ರವನ್ನು ಹೊರಗೆ ಕಳಿಸಲು, ಹೇಗೆ ಕಾಣುವುದೆಂದು ಪರೀಕ್ಷಿಸಲು 3.0ರಲ್ಲಿ ಸಾಧ್ಯ, ಆದರೆ ಸಂಪಾದನೆ ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲೇ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಜಿಂಪ್ ಪಠ್ಯ ಜೋಡಣೆಗೆ ಪ್ಯಾಂಗೊ ಎಂಬ ಮುಕ್ತ ವ್ಯವಸ್ಥೆಯನ್ನು ನೆಚ್ಚಿಕೊಂಡಿದೆ. ಹಾಗಾಗಿ ಯೂನಿಕೋಡ್ ಕನ್ನಡದ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ಬಹುಕಾಲದಿಂದ ಸರಿಯಾಗಿ ಮೂಡುತ್ತ ಬಂದಿವೆ. ಲಕ್ಷಾಂತರ ರೂಪಾಯಿಯ ವ್ಯವಹಾರ ನಡೆಸುವ ಕಚೇರಿಗಳ ಹಳೆಯ ಫೋಟೊಶಾಪ್‌ನಲ್ಲಿ ಅದೇ 'ಕರ್ನಾಟಕ' ಎಂಬ ಪದ ಒಡೆದು ಚೂರಾಗುತ್ತಿತ್ತು. ಈ ತೊಡಕಿನಿಂದ ಪಾರಾಗಲು ವಿನ್ಯಾಸಕಾರರು ನುಡಿ, ಬರಹ, ಶ್ರೀಲಿಪಿಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಿಗೆ ಮೊರೆಹೋದರು. ಆ ಅಭ್ಯಾಸ ಇಂದಿಗೂ ಪೂರ್ತಿ ಬಿಟ್ಟಿಲ್ಲ. ಅಡೋಬಿ ಆಮೇಲೆ ಭಾರತೀಯ ಲಿಪಿಗಳಿಗೆ ಬೆಂಬಲ ಕೊಟ್ಟಿತು, ಆದರೆ ಅದನ್ನು ಸೆಟ್ಟಿಂಗ್ಸ್‌ನೊಳಗೆ ಹೋಗಿ ಆರಿಸಿಕೊಳ್ಳಬೇಕಾಗಿತ್ತು. ಜಿಂಪ್‌ನ ಅನುವಾದಗಳ ಸಾಲಿನಲ್ಲಿ ಕನ್ನಡವೂ ಸೇರಿದೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಮೆನುಗಳನ್ನು ತಮ್ಮ ನುಡಿಯಲ್ಲೇ ಓದುವ ಅವಕಾಶ ಬಳಕೆಯ ಸುಲಭತೆಯ ಮೊದಲ ಮೆಟ್ಟಿಲು. ಅದನ್ನು ಪೂರ್ಣಗೊಳಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ.

ಕಲಿಸುವ ಕಡೆಯಲ್ಲಿ ಪಕ್ಕದ ಕೇರಳ ದಾರಿ ತೋರಿಸಿದೆ. ಅಲ್ಲಿನ ಶಾಲೆಗಳ ಮಾಹಿತಿ ತಂತ್ರಜ್ಞಾನ ಪಠ್ಯಗಳಲ್ಲಿ ಲಿನಕ್ಸ್, ಜಿಂಪ್, ಇಂಕ್‌ಸ್ಕೇಪ್‌ಗಳು ಬಂದು ಬಹಳ ವರ್ಷಗಳಾದವು. ಅಲ್ಲಿ ಕಲಿತ ಮಕ್ಕಳಿಗೆ ಸರಿಸುವ ಸಾಧನ ಎಂದರೆ ಎಂ ಎಂಬುದೇ ಸಹಜ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲೂ ಜಿಂಪ್ ಪಾಠಗಳಿವೆ. ಫೋಟೊಶಾಪ್‌ಗೆ ಯಾವ ಊರಿನಲ್ಲೂ ಸಿಗುವ ತರಬೇತಿ ಕೇಂದ್ರ, ಕನ್ನಡದ ಯೂಟ್ಯೂಬ್ ಪಾಠ, ಪಕ್ಕದ ಅಂಗಡಿಯ ಗೆಳೆಯನ ನೆರವು, ಇವುಗಳ ಎದುರು ಇಷ್ಟೇ ಬಂಡವಾಳ ಸಾಲದು.

ಪರದೆಯಾಚೆಗೂ ಬಳಕೆಯ ಸುಲಭತೆ ಚಾಚಿಕೊಂಡಿದೆ. ಅಡೋಬಿ 2013ರಲ್ಲಿ ಹೊಸ ಆವೃತ್ತಿಗಳನ್ನು ಒಮ್ಮೆ ಹಣ ಕೊಟ್ಟು ಸ್ವಂತ ಮಾಡಿಕೊಳ್ಳುವ ಪದ್ಧತಿ ನಿಲ್ಲಿಸಿ ಚಂದಾ ಪದ್ಧತಿಗೆ ಹೋಯಿತು. ಚಂದಾ ನಿಂತರೆ ಕಡತಗಳು ನಮ್ಮವೇ ಆಗಿದ್ದರೂ ತೆರೆಯುವ ಸಾಧನ ಕೈತಪ್ಪುತ್ತದೆ. ಅವಧಿಗೆ ಮುನ್ನ ಬಿಟ್ಟರೆ ತೆರಬೇಕಾದ ಶುಲ್ಕವನ್ನು ಮರೆಮಾಚಿದೆ, ಚಂದಾ ರದ್ದುಪಡಿಸುವುದನ್ನು ಕಷ್ಟವಾಗಿಸಿದೆ ಎಂದು ಆರೋಪಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ದೂರಿನ ಮೇರೆಗೆ 2024ರ ಜೂನ್‌ನಲ್ಲಿ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಲಾಯಿತು. ಫೋಟೊಶಾಪ್ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಕನಿಷ್ಠ 8 ಜಿಬಿ ಮೆಮೊರಿ ಕೇಳುತ್ತದೆ. ಹಳೆಯ ಕಂಪ್ಯೂಟರ್ ಇರುವ ಹಳ್ಳಿ ಶಾಲೆಯಲ್ಲಿ ತೆರೆದುಕೊಳ್ಳದ ಸಾಧನದ ವಿನ್ಯಾಸ ಎಷ್ಟು ಚೆಂದವಿದ್ದರೂ ಅಲ್ಲಿನ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ.

ಈಗ ಸ್ಪರ್ಧೆಯ ಅಂಗಳವೇ ಬದಲಾಗುತ್ತಿದೆ. 2023ರಲ್ಲಿ ಫೋಟೊಶಾಪ್‌ಗೆ ಬಂದ 'ಜನರೇಟಿವ್ ಫಿಲ್' ಬರೆದ ಮಾತಿನಂತೆ ಚಿತ್ರದ ಭಾಗವನ್ನು ಸೃಷ್ಟಿಸುತ್ತದೆ. ಅದಕ್ಕೆ ಬೇಕಾದ ಲೆಕ್ಕಾಚಾರ ದೂರದ ಸರ್ವರ್‌ಗಳಲ್ಲಿ ನಡೆಯುವುದರಿಂದ ಸ್ವಯಂಸೇವಕರ ತಂಡಕ್ಕೆ ಅಂಥದ್ದನ್ನು ಉಚಿತವಾಗಿ ಒದಗಿಸುವುದು ಕಷ್ಟ. ಮತ್ತೊಂದು ಕಡೆ, 2024ರಲ್ಲಿ ಬ್ರಿಟನ್ನಿನ ಸೆರಿಫ್ ಕಂಪನಿಯನ್ನು ಕೊಂಡ ಕ್ಯಾನ್ವಾ, ವೃತ್ತಿಪರರು ಮೆಚ್ಚಿದ ಅಫಿನಿಟಿ ತಂತ್ರಾಂಶವನ್ನು 2025ರ ಅಕ್ಟೋಬರ್ ಕೊನೆಯಲ್ಲಿ ಉಚಿತಗೊಳಿಸಿತು. ಅಡ್ಜಸ್ಟ್‌ಮೆಂಟ್ ಲೇಯರ್, ಸಿಎಂವೈಕೆ ಸಂಪಾದನೆ ಎಲ್ಲವೂ ಅದರಲ್ಲಿವೆ, ಹಣ ಬೇಕಿಲ್ಲ. ಹಣ ಕೊಡಲಾಗದವರಿಗೆ ಜಿಂಪ್ ಒಂದೇ ಗತಿ ಎಂಬ ಕಾಲ ಹೀಗೆ ಮುಗಿಯಿತು. ಇನ್ನು ಮುಂದೆ ಅದನ್ನು ಆರಿಸಿಕೊಳ್ಳುವವರು ಲಿನಕ್ಸ್‌ಗಾಗಿ, ಮೂಲ ಸಂಕೇತದ ಮೇಲಿನ ಹಕ್ಕಿಗಾಗಿ, ಯಾವ ಕಂಪನಿಯ ಮನಸ್ಸು ಬದಲಾದರೂ ನಿಂತುಹೋಗದ ಸಾಧನವೊಂದು ಬೇಕೆಂದು ಆರಿಸಿಕೊಳ್ಳುತ್ತಾರೆ. ಅಂಥವರಿಗಾಗಿ 3.0ರ ನಂತರದ ಕೆಲಸವನ್ನು ತಂಡ ಕೈಗೆತ್ತಿಕೊಂಡಿದೆ, ಮತ್ತು ಈ ಸಲ ಪರದೆಯ ವಿನ್ಯಾಸದ ಚರ್ಚೆಗೂ ಅದರಲ್ಲಿ ಪ್ರತ್ಯೇಕ ಜಾಗವಿದೆ.